ಮಡಿಕೇರಿ ಮಳೆಯಲ್ಲಿ ಬಟ್ಟೆ ಡೈಪರ್: ಒಗೆಯೋದಲ್ಲ, ಒಣಗಿಸೋದೇ ಕೆಲಸ

ಬಟ್ಟೆ ಡೈಪರ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಬಿಸಿಲಿರುವ ಊರಿನವರು ಬರೆದದ್ದು. "ಒಗೆದು ಬಿಸಿಲಿಗೆ ಹಾಕಿ, ಮಧ್ಯಾಹ್ನಕ್ಕೆ ರೆಡಿ" ಅಂತ ಇರುತ್ತದೆ. ಯಾವ ಬಿಸಿಲು ಮಾರಾಯ್ರೇ? ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸರಿಯಾಗಿ ಬಿಡದ ಊರು ನಮ್ಮದು. ಜುಲೈಯಲ್ಲಿ ಇಲ್ಲಿ ದೊಡ್ಡವರ ಟವೆಲ್ಲೇ ದಿನಗಟ್ಟಲೆ ಹಗ್ಗದ ಮೇಲೆ ಕೂತು, ಕೊನೆಗೆ ಒದ್ದೆ ನಾಯಿಯ ಹಾಗೆ ನಾರುತ್ತದೆ. ಇನ್ನು ದಿನಕ್ಕೆ ಹತ್ತು ಹನ್ನೆರಡು ಸಲ ಉಚ್ಚೆ ಮಾಡುವ ಮಗುವಿನ ಬಟ್ಟೆ!

ಹಾಗಾಗಿ ಇದು ನಮ್ಮ ಕಡೆಯವರಿಗೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಸೋಮವಾರಪೇಟೆ ಬೆಟ್ಟದ ಸಾಲಿನಲ್ಲಿ ಇರುವವರಿಗೆ, ಏಳೆಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಮೊಬೈಲಿನಲ್ಲಿ ಬಣ್ಣಬಣ್ಣದ ಡೈಪರ್ ಫೋಟೋ ನೋಡುತ್ತಾ ಕೂತವರಿಗೆ. ನಾನು ಹೇಳೋದು ಒಂದೇ ಮಾತು. ಆನೆ ಚಿತ್ರ ಇದೆಯಾ, ಹೂವಿನ ಚಿತ್ರ ಇದೆಯಾ ಅಂತ ನೋಡಬೇಡಿ. ಎಷ್ಟು ಹೀರುತ್ತದೆ ಅಂತಲೂ ಮೊದಲು ಕೇಳಬೇಡಿ. ಎಷ್ಟು ಬೇಗ ಒಣಗುತ್ತದೆ ಅಂತ ಕೇಳಿ. ಉಳಿದದ್ದೆಲ್ಲ ಆಮೇಲೆ.

"ಇಷ್ಟು ಕಷ್ಟ ಇದ್ದರೆ ಅಂಗಡಿ ಡೈಪರ್ ಹಾಕಿದರಾಯಿತಲ್ಲ" ಅಂತ ನನ್ನ ಗೆಳತಿ ಕೇಳಿದಳು. ಅವಳು ಬೆಂಗಳೂರಿನಲ್ಲಿ ಇದ್ದಾಳೆ, ಬೆಳಿಗ್ಗೆ ಬಾಗಿಲಿಗೆ ಕಸದ ಗಾಡಿ ಬರುತ್ತದೆ. ನಮ್ಮ ತೋಟಕ್ಕೆ ಯಾವ ಗಾಡಿ ಬರುತ್ತದೆ? ಇಲ್ಲಿ ಕಸ ಅಂದರೆ ನಮ್ಮದೇ ಗುಂಡಿ, ನಮ್ಮದೇ ಬೆಂಕಿ. ಅಡಿಗೆಮನೆ ಕಸ ಗೊಬ್ಬರಕ್ಕೆ ಹೋಗುತ್ತದೆ, ಕಾಗದ ಒಲೆಗೆ ಹೋಗುತ್ತದೆ, ಆದರೆ ಉಚ್ಚೆ ತುಂಬಿದ ಡೈಪರ್ ಎಲ್ಲಿಗೆ ಹೋಗಬೇಕು? ಅದರೊಳಗೆ ಇರೋದು ಸೋಡಿಯಂ ಪಾಲಿಆಕ್ರಿಲೇಟ್ ಅನ್ನುವ ಪುಡಿ, ನೀರು ಕುಡಿದು ಜೆಲ್ಲಿ ಆಗಿ ಕೂರುತ್ತದೆ. ಬೆಂಕಿಗೆ ಹಾಕಿದರೆ ಉರಿಯೋದಿಲ್ಲ, ಸುಮ್ನೆ ಹೊಗೆ ಬಿಟ್ಟುಕೊಂಡು ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಹೂತರೆ ರಾತ್ರಿ ನಾಯಿ ಕೆದಕುತ್ತದೆ, ಹಂದಿ ಕೆದಕುತ್ತದೆ, ಬೆಳಿಗ್ಗೆ ಕಾಫಿ ಗಿಡದ ಬುಡದಲ್ಲಿ ಬಿಳಿ ಬಿಳಿ ಚೂರು. ಮಳೆ ಬಂದರೆ ಅದೇ ತೋಡಿಗೆ ಇಳಿಯುತ್ತದೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ, ಡೈಪರನ್ನು ಕಂಪನಿಯವರೇ ಕೊಡುವ ಕವರಿನಲ್ಲಿ ಸುತ್ತಿ ಒಣಕಸದ ಡಬ್ಬಕ್ಕೆ ಹಾಕಿ ಅಂತ ಬರೆದಿದ್ದರು. ಸರಿ, ಹಾಕೋಣ. ಆ ಡಬ್ಬ ತೆಗೆದುಕೊಂಡು ಹೋಗುವವರು ಯಾರು?

ಹಾಗಂತ ನಾನು ಅಂಗಡಿ ಡೈಪರ್ ಮುಟ್ಟೋದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಮನೆಯಲ್ಲಿ ಒಂದು ಪ್ಯಾಕೆಟ್ ಯಾವಾಗಲೂ ಇರುತ್ತದೆ. ಮಗುವಿಗೆ ಭೇದಿ ಆದಾಗ, ಮೈಸೂರಿಗೆ ಹೋಗುವಾಗ, ಕರೆಂಟು ಹೋಗಿ ಎರಡು ದಿನವಾದರೂ ಬಾರದೇ ಇದ್ದಾಗ ಅದೇ ಗತಿ. ದಿನಕ್ಕೆ ಎಂಟು ಹಾಕುವ ಕಡೆ ಒಂದೋ ಎರಡೋ ಹಾಕಿದರೂ ಗುಂಡಿಗೆ ಬೀಳುವ ರಾಶಿ ಎಷ್ಟು ಕಡಿಮೆ ಆಗುತ್ತದೆ ನೋಡಿ. ಪೂರ್ತಿ ಬಟ್ಟೆ, ಇಲ್ಲಾಂದರೆ ಏನೂ ಬೇಡ ಅನ್ನೋ ಹಟ ಬಾಣಂತಿಗೆ ಬೇಡ.

ಇನ್ನು ಶುರು ಮಾಡೋದು. ಹುಟ್ಟಿದ ಮಗುವಿಗೆ ಮೊದಲ ಕೆಲವು ವಾರ ಟಿಚ್ ಬಟನ್ನಿನ ದೊಡ್ಡ ಡೈಪರ್ ಬೇಡವೇ ಬೇಡ. "ಮೂರು ಕೇಜಿಯಿಂದ ಹದಿನೇಳು ಕೇಜಿವರೆಗೆ ಒಂದೇ ಸೈಜು" ಅಂತ ಬರೆದಿರುತ್ತಾರೆ, ಆದರೆ ಮೂರು ಕೇಜಿ ಮಗುವಿಗೆ ಅದನ್ನು ಹಾಕಿದರೆ ಸೊಂಟದಿಂದ ಕೆಳಗೆ ಒಂದು ದಿಂಬು ಕಟ್ಟಿದಂತೆ ಕಾಣುತ್ತದೆ, ಕಾಲಿನ ಹತ್ತಿರ ಸಂದು ಬಿಟ್ಟು ಎಲ್ಲ ಹೊರಗೇ ಸೋರುತ್ತದೆ. ಹಳೇ ಕಾಟನ್ ಸೀರೆ, ಹಳೇ ಪಂಚೆ ಇದಕ್ಕೆ ಸರಿ. ಒಗೆದು ಒಗೆದು ಮೆತ್ತಗಾದ ಬಟ್ಟೆ ಮಗುವಿನ ಮೈಗೂ ಹಿತ, ನೀರೂ ಬೇಗ ಕುಡಿಯುತ್ತದೆ. ಚೌಕವಾಗಿ ಹರಿದು, ಅಂಚು ಹೊಲಿದು, ಕುದಿವ ನೀರಲ್ಲಿ ಒಮ್ಮೆ ಹಾಕಿ ತೆಗೆದು ಇಟ್ಟುಕೊಳ್ಳಿ. ಎರಡು ಮೂರು ಡಜನ್ ಇದ್ದರೂ ಜಾಸ್ತಿ ಆಗೋದಿಲ್ಲ.

ಮೊದಲ ಎರಡು ಮೂರು ದಿನ ಮಗು ಮಾಡುವ ಕಕ್ಕ ಕಪ್ಪಗೆ, ಅಂಟು ಅಂಟಾಗಿ ಇರುತ್ತದೆ. ಹೆದರಬೇಡಿ, ಎಲ್ಲ ಮಕ್ಕಳಿಗೂ ಹಾಗೇ. ಅಂಡಿಗೆ ಮೊದಲೇ ಒಂದು ಚೂರು ತೆಂಗಿನೆಣ್ಣೆ ಸವರಿದ್ದರೆ ಒರೆಸೋದು ಸುಲಭ. ಆ ಕಲೆ ಬಟ್ಟೆಯಿಂದ ಬಿಡೋದು ಕಷ್ಟ, ಹಾಗಾಗಿ ಆ ದಿನಗಳಿಗೆ ಅತಿ ಹಳೆಯ ತುಂಡುಗಳನ್ನೇ ಇಡಿ. ಹೊಕ್ಕುಳ ಬಳ್ಳಿ ಒಣಗಿ ಬೀಳುವ ತನಕ ಬಟ್ಟೆಯ ಮುಂಭಾಗವನ್ನು ಹೊಕ್ಕುಳಿನ ಕೆಳಗೆ ಮಡಿಸಿ ಕಟ್ಟಬೇಕು, ಒದ್ದೆ ಅಲ್ಲಿಗೆ ತಾಗಬಾರದು, ಗಾಳಿ ಆಡಬೇಕು. ನಮ್ಮ ಮಗುವಿಗೆ ನೀರು ಹಾಕೋಕೆ ಬರುತ್ತಿದ್ದ ಅಜ್ಜಿ ಇದನ್ನು ಒಂದು ಮಾತೂ ಆಡದೆ ಕೈಯಲ್ಲೇ ಮಾಡಿ ತೋರಿಸಿದರು.

ನನ್ನ ತವರು ಕುಶಾಲನಗರ. ಬಾಣಂತನ ಅಲ್ಲೇ ಆಯಿತು. ಮಡಿಕೇರಿಯಿಂದ ಬೆಟ್ಟ ಇಳಿದು ಹೋದರೆ ಒಂದು ಗಂಟೆ ದಾರಿಯೂ ಇಲ್ಲ, ಆದರೆ ಹವೆ ಬೇರೆಯೇ. ಬೇಸಿಗೆಯಲ್ಲಿ ಅಮ್ಮ ಬೆಳಿಗ್ಗೆ ತಾರಸಿಗೆ ಹಾಕಿದ್ದ ಲಂಗೋಟಿ ಊಟದ ಹೊತ್ತಿಗೆ ಗರಿಗರಿ. ಹಾಗಾಗಿ ಅಲ್ಲಿ ಇರುವಷ್ಟು ದಿನ ಒಣಗಿಸೋದು ಒಂದು ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ. ಆಟಿ, ಅಂದರೆ ಜುಲೈ ನಡುವಿನಿಂದ ಶುರುವಾಗುವ ಮಳೆಯ ತಿಂಗಳು, ಹಿಡಿಯುವ ಮುಂಚೆ ಮಗುವನ್ನು ಕರೆದುಕೊಂಡು ಬನ್ನಿ ಅಂತ ಅತ್ತೆ ಹೇಳಿ ಕಳಿಸಿದರು, ಆಟಿಯಲ್ಲಿ ಹೊರಡೋದು ಬೇಡ ಅಂತ. ಬೆಟ್ಟಗೇರಿ ಕಡೆ ನಮ್ಮ ತೋಟದ ಮನೆಗೆ ಬಂದು ಇಳಿದಾಗ ಜಡಿಮಳೆ. ಅವತ್ತಿನಿಂದ ಸುಮಾರು ಎರಡು ತಿಂಗಳು ಹೊರಗಿನ ಹಗ್ಗಕ್ಕೆ ಒಂದು ಬಟ್ಟೆಯೂ ಹೋಗಲಿಲ್ಲ.

ಡೈಪರಿನ ಜಾತಿಗಳು ಯಾವುವು, ಮಳೆಯಲ್ಲಿ ಯಾವುದು ಹೇಗೆ ಅಂತ ಈಗ ಹೇಳುತ್ತೇನೆ. ಎಲ್ಲಕ್ಕೂ ಬೇಗ ಒಣಗೋದು ಒಂದೇ ಪದರದ ಚೌಕ ಬಟ್ಟೆ. ಹಾಕುವಾಗ ಎಂಟು ಪದರ ಮಡಿಸುತ್ತೀರಿ, ಒಣಗಿಸುವಾಗ ಬಿಡಿಸಿದರೆ ಒಂದೇ ಪದರ. ಇದರ ಗುಟ್ಟು ಅಷ್ಟೇ. ಮಸ್ಲಿನ್ ಚೌಕಗಳು ಅಂತ ಅಂಗಡಿಯಲ್ಲಿ ಸಿಗುತ್ತವಲ್ಲ, ಅವೂ ಇದೇ. ಆಮೇಲೆ ಪ್ರೀಫೋಲ್ಡ್ ಅಂತ ಒಂದು, ಮೊದಲೇ ಮಡಿಸಿ ಹೊಲಿದದ್ದು, ಮಧ್ಯೆ ದಪ್ಪ. ಹಾಕೋಕೆ ಸುಲಭ, ಒಣಗೋಕೆ ನಿಧಾನ, ಆ ಮಧ್ಯದ ಭಾಗ ಕೊನೆವರೆಗೂ ತಣ್ಣಗೇ ಇರುತ್ತದೆ. ಪಾಕೆಟ್ ಡೈಪರ್ ಅಂದರೆ ಹೊರಗೆ ನೀರು ಬಿಡದ ಬಟ್ಟೆ, ಒಳಗೆ ಮೆತ್ತನೆ ಬಟ್ಟೆ, ನಡುವೆ ಜೇಬು, ಆ ಜೇಬಿಗೆ ಪ್ಯಾಡ್ ತುರುಕೋದು. ಒಗೆಯುವಾಗ ಪ್ಯಾಡ್ ಹೊರಗೆ ತೆಗೆಯುವುದರಿಂದ ಹೊರಗಿನ ಚಡ್ಡಿ ಬೇಗ ಒಣಗುತ್ತದೆ, ಪ್ಯಾಡ್ ಮಾತ್ರ ಕಾಯಿಸುತ್ತದೆ. ಇನ್ನು ಆಲ್-ಇನ್-ಒನ್. ಎಲ್ಲ ಒಟ್ಟಿಗೇ ಹೊಲಿದು ಬಿಟ್ಟಿರುತ್ತಾರೆ. ಗಂಡಸರಿಗೂ ಅಜ್ಜಂದಿರಿಗೂ ಹಾಕೋಕೆ ಬರುತ್ತದೆ, ನಿಜ. ನಮ್ಮ ಅತ್ತಿಗೆ ಉಡುಗೊರೆಯಾಗಿ ಎರಡು ಕೊಟ್ಟರು, ಬಹಳ ಚಂದ. ಅವು ಜುಲೈ ಪೂರ್ತಿ ಒದ್ದೆಯಾಗೇ ಇದ್ದವು. ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ, ಕಣದ ಪಕ್ಕ ತಂತಿ ಕಟ್ಟಿ ಹಾಕಿದ ಮೇಲೆ ಅವುಗಳ ಬೆಲೆ ಗೊತ್ತಾಯಿತು. ಅಲ್ಲಿಯವರೆಗೆ ಬೀರುವಿನಲ್ಲಿ ಇದ್ದವು.

ಪ್ಯಾಡ್ ಯಾವ ಬಟ್ಟೆಯದು ಅನ್ನೋದೂ ಮುಖ್ಯ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಅಗ್ಗ. ಆದರೆ ಒತ್ತಿದರೆ ನೀರು ಬಿಟ್ಟುಬಿಡುತ್ತದೆ. ಮಗು ಕೂತರೆ, ಕಾರ್ ಸೀಟಿನಲ್ಲಿ ಬೆಲ್ಟ್ ಬಿಗಿದರೆ ಸೋರುತ್ತದೆ. ಅದನ್ನು ಮಗುವಿನ ಚರ್ಮಕ್ಕೆ ನೇರವಾಗಿ ತಾಗಿಸಲೇಬಾರದು, ಚರ್ಮದ ತೇವವನ್ನೂ ಎಳೆದು ಒರಟು ಮಾಡುತ್ತದೆ, ಜೇಬಿನ ಒಳಗೇ ಇರಬೇಕು. ಕಾಟನ್ ಎಲ್ಲದರ ನಡುವೆ ಇರುವ ಒಳ್ಳೆಯ ಆಯ್ಕೆ. ಬಿದಿರಿನ ನಾರು ಅಂತ ಮಾರುವುದು, ಅಂದರೆ ಬ್ಯಾಂಬೂ ವಿಸ್ಕೋಸ್, ಕಾಟನ್‌ಗಿಂತ ಜಾಸ್ತಿ ಕುಡಿಯುತ್ತದೆ. ಸೆಣಬಿನ ಥರ ಕಾಣುವ ಹೆಂಪ್ ನಾರು ಇನ್ನೂ ಜಾಸ್ತಿ, ತೆಳ್ಳಗೂ ಇರುತ್ತದೆ, ಆದರೆ ಎರಡೂ ಒಣಗಲು ತುಂಬ ಹೊತ್ತು ತೆಗೆದುಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಹಗಲಿಗೆ ಕಾಟನ್ ಚೌಕ, ರಾತ್ರಿಗೆ ಮಾತ್ರ ಬ್ಯಾಂಬೂ. ಹೊಸ ಪ್ಯಾಡ್ ತಂದ ಕೂಡಲೇ ಹಾಕಿ "ಇದು ಹೀರೋದೇ ಇಲ್ಲ" ಅಂತ ಬೈಯಬೇಡಿ. ಕಾಟನ್ನಿನಲ್ಲಿ, ಹೆಂಪಿನಲ್ಲಿ ನಾರಿನದೇ ಎಣ್ಣೆ ಅಂಶ ಇರುತ್ತದೆ. ನಾಲ್ಕೈದು ಸಲ ಒಗೆದ ಮೇಲೆ ಹೀರಲು ಶುರು ಮಾಡುತ್ತದೆ. ಮಗು ಹುಟ್ಟುವ ಮುಂಚೆಯೇ, ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಈ ಕೆಲಸ ಮುಗಿಸಿದರೆ ಒಳ್ಳೆಯದು.

ಚೌಕ ಬಟ್ಟೆ ಒಂದೇ ಕಟ್ಟಿದರೆ ಎತ್ತಿಕೊಂಡವರ ಮಡಿಲು ಒದ್ದೆ, ಹಾಸಿಗೆ ಒದ್ದೆ, ಚಳಿಗೆ ಮಗು ಎದ್ದು ಅಳುತ್ತದೆ. ಹಾಗಾಗಿ ಮೇಲೊಂದು ಕವರ್ ಬೇಕು. ಕವರ್ ಅಂದರೆ ಪಿಯುಎಲ್ ಅನ್ನುವ ಬಟ್ಟೆಯ ಚಡ್ಡಿ. ಪಾಲಿಯೆಸ್ಟರ್ ಬಟ್ಟೆಯ ಒಂದು ಬದಿಗೆ ಪಾಲಿಯೂರಿಥೇನ್ ಪದರ ಅಂಟಿಸಿದ್ದು. ನಮ್ಮ ಅಮ್ಮಂದಿರು ಹಾಕುತ್ತಿದ್ದ ಪ್ಲಾಸ್ಟಿಕ್ ಚಡ್ಡಿಯಷ್ಟು ಬೆವರೋದಿಲ್ಲ. ಈ ಕವರಿನ ಕಥೆ ಒಂದು ತಮಾಷೆ. ಅಮೆರಿಕದಲ್ಲಿ ಮರಿಯನ್ ಡೊನೊವನ್ ಅನ್ನುವ ಹೆಂಗಸು ಮಗುವಿನ ಹಾಸಿಗೆ ಒಗೆದು ಒಗೆದು ಸಾಕಾಗಿ, ಬಾತ್‌ರೂಮಿನ ಪರದೆ ಕತ್ತರಿಸಿ ಹೊಲಿದು ಇಂಥ ಕವರ್ ಮಾಡಿದಳು, ಸೇಫ್ಟಿ ಪಿನ್ ಬದಲು ಟಿಚ್ ಬಟನ್ ಹಾಕಿದಳು. 1951ರಲ್ಲಿ ಪೇಟೆಂಟ್ ಸಿಕ್ಕಿತು. ಬೇಜಾರು ಬಂದ ತಾಯಿಯಿಂದಲೇ ಇಂಥದ್ದು ಹುಟ್ಟಬೇಕು ಅಲ್ವಾ, ಗಂಡಸರು ಮಾಡಿದ್ದರೆ ಮೊದಲು ಒಂದು ಸಮಿತಿ ಮಾಡುತ್ತಿದ್ದರು.

ನಮ್ಮ ಮಳೆಗೆ ಹೇಳಿ ಮಾಡಿಸಿದ ಜೋಡಿ ಇದೇ: ಒಳಗೆ ಮಡಿಸಿದ ಚೌಕ, ಮೇಲೆ ಕವರ್. ಬರೀ ಉಚ್ಚೆ ಆದರೆ ಚೌಕ ಬದಲಿಸಿ, ಕವರನ್ನು ಒರೆಸಿ ಸ್ವಲ್ಪ ಗಾಳಿಗೆ ಹಿಡಿದು ಮತ್ತೆ ಅದನ್ನೇ ಹಾಕಬಹುದು. ಕಕ್ಕ ತಾಗಿದರೆ ಮಾತ್ರ ಒಗೆಯಬೇಕು. ಹಾಗಾಗಿ ಐದಾರು ಕವರ್ ಇದ್ದರೆ ದಿನ ಕಳೆಯುತ್ತದೆ. ಕವರ್ ತೆಳ್ಳಗೆ, ಕೊಡವಿ ನೇತುಹಾಕಿದರೆ ಮನೆಯೊಳಗೂ ಒಣಗುತ್ತದೆ.

"ನಿನ್ನ ಗಂಡನ್ನ ನಾನು ಹಳೇ ಪಂಚೇಲೇ ಬೆಳೆಸಿದ್ದು. ಅವನ ಮಗೀಗೆ ಐನೂರು ರೂಪಾಯಿ ಚಡ್ಡಿ ಬೇಕಾ?" ಅಂತ ಅತ್ತೆ ಕೇಳಿದ್ದು ನಿಜ. ನಾನು "ಅತ್ತೆ, ಪಂಚೆ ನಿಮ್ಮದೇ, ಚಡ್ಡಿ ಮಾತ್ರ ಮೇಲೆ" ಅಂದೆ. ಒಂದು ರಾತ್ರಿ ಅವರ ಮಡಿಲಲ್ಲಿ ಮಗು ಮಲಗಿ, ಎದ್ದಾಗ ಸೀರೆ ಒಣಗಿಯೇ ಇತ್ತು. ಆಮೇಲೆ ಆ ಮಾತು ಬರಲಿಲ್ಲ. ಈಗ ಬಂದವರಿಗೆಲ್ಲ ಟಿಚ್ ಬಟನ್ ಹಾಕಿ ತೋರಿಸುತ್ತಾರೆ.

ಕಟ್ಟುವಾಗ ನೋಡಬೇಕಾದದ್ದು ತೊಡೆಯ ಸಂದು. ಎಲಾಸ್ಟಿಕ್ ತೊಡೆ ಮತ್ತು ಅಂಡಿನ ನಡುವಿನ ಗೆರೆಯಲ್ಲಿ, ನಾವು ಒಳಚಡ್ಡಿ ಹಾಕುವ ಜಾಗದಲ್ಲೇ ಕೂರಬೇಕು, ತೊಡೆಯ ಮೇಲೆ ಜಾರಬಾರದು. ಒಳಗಿನ ಬಟ್ಟೆಯ ಅಂಚು ಒಂದೆಳೆ ಹೊರಗೆ ಇಣುಕಿದರೂ ಬತ್ತಿಯಂತೆ ನೀರನ್ನು ಹೊರಗೆ ಎಳೆಯುತ್ತದೆ, ಬೆರಳು ಹಾಕಿ ಸುತ್ತ ಒಳಗೆ ದೂಡಿ. ಎಲಾಸ್ಟಿಕ್ಕಿನ ಸಣ್ಣ ಗುರುತು ಕಾಲಿನ ಮೇಲೆ ಬಿದ್ದರೆ ಚಿಂತೆ ಇಲ್ಲ, ಕೆಂಪಗೆ ಆಳವಾಗಿ ಉಳಿದರೆ ಒಂದು ಬಟನ್ ಸಡಿಲ ಮಾಡಿ. ಗಂಡುಮಗುವಿಗೆ ಬಟ್ಟೆಯ ದಪ್ಪ ಮುಂದೆ ಇರಲಿ. "ಇಷ್ಟು ದಪ್ಪ ಕಟ್ಟಿದರೆ ಕಾಲು ಅಗಲ ಆಗುತ್ತೆ" ಅಂತ ನಮ್ಮ ಪಕ್ಕದ ಮನೆ ಚಿಕ್ಕಮ್ಮ ಹೇಳಿದರು. ಆಗೋದಿಲ್ಲ. ಎಳೇ ಮಕ್ಕಳ ಕಾಲು ಕಪ್ಪೆಯ ಕಾಲಿನ ಹಾಗೆ ಮಡಚಿ ಅಗಲವಾಗಿ ಇರೋದೇ ಸೊಂಟದ ಕೀಲಿಗೆ ಒಳ್ಳೆಯದು, ಕಾಲು ನೇರ ಮಾಡಿ ಬಿಗಿಯಾಗಿ ಸುತ್ತೋದೇ ಕೆಟ್ಟದ್ದು.

ಬಟ್ಟೆ ಹಾಕಿದರೆ ಕೆಂಪು ಗುಳ್ಳೆ ಬರೋದೇ ಇಲ್ಲ ಅಂತ ಮಾರುವವರು ಹೇಳುತ್ತಾರೆ. ನಂಬಬೇಡಿ. ಒದ್ದೆಯಲ್ಲಿ ಬಿಟ್ಟರೆ ಯಾವ ಡೈಪರಿನಲ್ಲೂ ಬರುತ್ತದೆ. ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ಕೂಡಲೇ ಬದಲಿಸಿ, ದಿನಕ್ಕೆ ಸ್ವಲ್ಪ ಹೊತ್ತು ಬರೀ ಮೈಯಲ್ಲಿ ಬಿಡಿ. ಸಂದಿಗಳಲ್ಲಿ ಕೆಂಪಗೆ ಹರಡಿ, ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆ ಎದ್ದು, ಎರಡು ಮೂರು ದಿನ ಆದರೂ ಹೋಗದಿದ್ದರೆ ಅದು ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಿ, ಆಗ ಕಾಟನ್ ಬಟ್ಟೆಗಳನ್ನೆಲ್ಲ ಕುದಿಸಿ. ಮುಲಾಮು ಹಾಕುವ ದಿನಗಳಲ್ಲಿ ನಡುವೆ ಒಂದು ಹಳೇ ತೆಳು ಬಟ್ಟೆ ಇಡಿ. ಜಿಂಕ್ ಮುಲಾಮು, ವ್ಯಾಸಲೀನ್ ಎರಡೂ ಪ್ಯಾಡಿನ ಮೇಲೆ ಜಿಡ್ಡು ಕಟ್ಟಿ ಅದು ನೀರು ಹೀರದ ಹಾಗೆ ಮಾಡುತ್ತವೆ.

ಒಗೆಯೋದು ಜನ ಹೆದರುವಷ್ಟು ಇಲ್ಲ. ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರಲ್ಲಿ ಕರಗಿ ಹೋಗುತ್ತದೆ. ಗಂಜಿ, ರಾಗಿ ಸರಿ ಶುರುವಾದ ಮೇಲೆ ಮಾತ್ರ ಮೊದಲು ಕಕ್ಕಸಿಗೆ ಕೊಡವಿ, ಆಮೇಲೆ ಒಗೆಯಬೇಕು. ತೋಡಿನಲ್ಲಿ ಜಾಲಿಸಬೇಡಿ, ದಯವಿಟ್ಟು, ಕೆಳಗಿನ ಮನೆಯವರು ಅದೇ ನೀರನ್ನು ಪೈಪಿನಲ್ಲಿ ತೆಗೆದುಕೊಳ್ಳುತ್ತಾರೆ. ಮೊದಲು ತಣ್ಣೀರಲ್ಲಿ ಒಂದು ಸಲ ಹಿಂಡಿ ತೆಗೆಯಿರಿ. ಬಿಸಿನೀರನ್ನು ಮೊದಲೇ ಹಾಕಿದರೆ ಕಲೆ ಕೂತುಬಿಡುತ್ತದೆ. ಆಮೇಲೆ ಸೋಪಿನಪುಡಿ ಹಾಕಿ ಬಿಸಿನೀರಲ್ಲಿ, ಆಮೇಲೆ ಎರಡು ನೀರು ಜಾಲಿಸಿ. ನಮ್ಮ ಬಾವಿ ನೀರು ಮೆದು, ಸ್ವಲ್ಪ ಪುಡಿಗೇ ನೊರೆ ಉಕ್ಕುತ್ತದೆ, ಹಾಗಾಗಿ ಜಾಲಿಸೋದು ಜಾಸ್ತಿ ಬೇಕು. ನಿಮ್ಮ ನೀರು ಗಡುಸಾಗಿದ್ದರೆ ಪುಡಿ ಜಾಸ್ತಿ ಬೇಕು. ಪುಡಿ ಕಡಿಮೆ ಹಾಕಿದರೆ ಮಗುವಿಗೆ ಒಳ್ಳೆಯದು ಅಂತ ಚಿಟಿಕೆ ಹಾಕುವವರಿದ್ದಾರೆ, ಅವರ ಬಟ್ಟೆಯೇ ಮೂಗಿಗೆ ಹೊಡೆಯುವ ವಾಸನೆ ಬರೋದು. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಆಗುತ್ತದೆ, ಸರಿಯಾಗಿ ಕೊಳೆ ಹೋಗದ ಬಟ್ಟೆಯಲ್ಲಿ ಅದು ಜೋರು.

ಕಂಫರ್ಟ್ ಥರದ ಮೆತ್ತಗೆ ಮಾಡುವ ದ್ರವ ಬೇಡ, ನಾರಿನ ಮೇಲೆ ಪದರ ಕಟ್ಟುತ್ತದೆ. ಕೊನೆ ನೀರಿಗೆ ಡೆಟ್ಟಾಲ್ ಹಾಕೋದು ನಮ್ಮಲ್ಲಿ ಒಂದು ರೂಢಿ. ಆ ಉಳಿಕೆ ಇಡೀ ದಿನ ಮಗುವಿನ ಅಂಡಿಗೆ ತಾಗಿಕೊಂಡೇ ಇರುತ್ತದೆ ಅಂತ ಯೋಚಿಸಿ ನೋಡಿ, ನಿಮಗೇ ಬೇಡ ಅನ್ನಿಸುತ್ತದೆ. ಬಕೆಟ್ಟಿನಲ್ಲಿ ರಾತ್ರಿಯೆಲ್ಲ ನೆನೆಹಾಕೋದೂ ಬೇಡ. ಜಾಲಿಸಿ, ಹಿಂಡಿ, ಗಾಳಿಯಾಡುವ ಬುಟ್ಟಿಯಲ್ಲಿ ಹಾಕಿಟ್ಟು, ಮಾರನೇ ದಿನ ಒಟ್ಟಿಗೆ ಒಗೆಯಿರಿ. ಕವರನ್ನು ಮಾತ್ರ ಕುದಿಸಬೇಡಿ, ಉಗುರುಬೆಚ್ಚಗಿನ ನೀರು ಸಾಕು. ಕುದಿಸಿದರೆ ಆ ಪದರ ಬಿಟ್ಟು ಬರುತ್ತದೆ, ಆಮೇಲೆ ಅದು ಬರೀ ಚಡ್ಡಿ.

ಈಗ ಅಸಲಿ ವಿಷಯ, ಒಣಗಿಸೋದು.

ಮಳೆಗಾಲದಲ್ಲಿ ನಿಮ್ಮ ದೊಡ್ಡ ಸಹಾಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ನಿನ ಆ ಸಣ್ಣ ಡಬ್ಬ, ಸ್ಪಿನ್ನರ್. ಕೈಯಲ್ಲಿ ಎಷ್ಟೇ ಹಿಂಡಿದರೂ ಅದು ತೆಗೆಯುವಷ್ಟು ನೀರು ಹೋಗೋದಿಲ್ಲ. ಕೈಯಲ್ಲಿ ಒಗೆದರೂ ಪರವಾಗಿಲ್ಲ, ಕೊನೆಗೆ ಸ್ಪಿನ್ನರಿಗೆ ಹಾಕಿ ತೆಗೆಯಿರಿ, ಎರಡು ಸಲ ತಿರುಗಿಸಿ. ಕರೆಂಟು ಅರ್ಧ ಗಂಟೆ ಬಂದರೂ ಸಾಕು, ಮೊದಲು ಮಾಡುವ ಕೆಲಸ ಇದು. ನಮ್ಮ ಮನೆಯಲ್ಲಿ ಕರೆಂಟು ಬಂದ ಕೂಡಲೇ ನಮ್ಮವರು ಫೋನ್ ಚಾರ್ಜಿಗೆ ಓಡುತ್ತಾರೆ, ನಾನು ಸ್ಪಿನ್ನರಿಗೆ.

ಆಮೇಲೆ ಬಚ್ಚಲುಮನೆ. ಅತ್ತೆ ಕಲಿಸಿದ್ದು ಇದೇ, ಇದಕ್ಕೆ ಎಷ್ಟು ದುಡ್ಡು ಕೊಟ್ಟರೂ ಕಡಿಮೆ. ಹಂಡೆ ಒಲೆ ಬೆಳಿಗ್ಗೆ ಹೊತ್ತಿಸಿದರೆ ಸಂಜೆವರೆಗೂ ಅದರ ಹಿಂದಿನ ಗೋಡೆ ಬೆಚ್ಚಗೇ ಇರುತ್ತದೆ. ಆ ಗೋಡೆಯ ಆಚೆ ಬದಿಗೆ, ಒಲೆಯ ಬದಿಗಲ್ಲ, ಎರಡು ಸಾಲು ತಂತಿ ಕಟ್ಟಿದೆವು. ಒಂದು ಪದರದ ಚೌಕ ಅಲ್ಲಿ ಒಂದು ಮಧ್ಯಾಹ್ನದಲ್ಲಿ ಒಣಗುತ್ತದೆ, ಬ್ಯಾಂಬೂ ಪ್ಯಾಡ್ ಮಾರನೇ ದಿನಕ್ಕೆ. ಅಡಿಗೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಬಹುದು ಅನ್ನುತ್ತಾರೆ. ಒಣಗುತ್ತದೆ, ಸರಿ, ಆದರೆ ಇಲ್ಲಣ ಬಿದ್ದು ಕಪ್ಪಾಗುತ್ತದೆ, ಹೊಗೆ ವಾಸನೆ ಕೂರುತ್ತದೆ. ಮಗುವಿನ ಮೂಗಿಗೆ ಬೇಕಾ ಅದು?

ಹಿಂದಿನವರು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಬೆತ್ತದ ಬುಟ್ಟಿ ಕವುಚಿ, ಬುಟ್ಟಿ ಮೇಲೆ ಬಟ್ಟೆ ಹರಡುತ್ತಿದ್ದರು. ಈಗಲೂ ಬಾಣಂತಿ ಮನೆಗಳಲ್ಲಿ ಇದು ಇದೆ. ಹಳೇ ಕಾಟನ್ನಿಗೆ ಒಳ್ಳೆಯ ಉಪಾಯ, ಆದರೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಪಿಯುಎಲ್ ಕವರ್, ಮೈಕ್ರೋಫೈಬರ್, ಪಾಲಿಯೆಸ್ಟರ್ ಇದ್ದ ಯಾವುದನ್ನೂ ಅದರ ಹತ್ತಿರ ತರಬೇಡಿ, ಕರಗುತ್ತದೆ, ಹೊತ್ತಿಕೊಳ್ಳುತ್ತದೆ. ಮತ್ತೆ ಇನ್ನೊಂದು, ಬಹಳ ಮುಖ್ಯ. ಮಗು ಮಲಗಿದ ಕೋಣೆಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಕೆಂಡ ಇಡಲೇಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಚಳಿ ಅಂತ ಹಿರಿಯರು ತಂದಿಟ್ಟರೂ ಹೊರಗೆ ಇಡಿ, ಬೈದರೆ ಬೈಸಿಕೊಳ್ಳಿ.

ಪೇಟೆಯಲ್ಲಿ ಇರುವವರು ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ತರಿಸಿಕೊಂಡಿದ್ದಾರೆ, ಸಣ್ಣ ಕೋಣೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಡ್ರೈಯರ್ ಬೇಕಾ ಅಂತ ಕೇಳಿದರೆ, ದಿನಾ ಅದನ್ನೇ ಓಡಿಸಿದರೆ ಪರಿಸರದ ಲೆಕ್ಕವೇ ಬದಲಾಗುತ್ತದೆ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಮಗುವಿಗೆ ಎರಡೂವರೆ ವರ್ಷ ಅಂಗಡಿ ಡೈಪರ್ ಹಾಕಿದರೆ ಸುಮಾರು 550 ಕೇಜಿ ಇಂಗಾಲದ ಹೊರೆ, ಸಾಮಾನ್ಯವಾಗಿ ಅಲ್ಲಿಯವರು ಒಗೆಯುವ ರೀತಿಯಲ್ಲಿ ಬಟ್ಟೆ ಹಾಕಿದರೂ ಸುಮಾರು 570. ಅಂದರೆ ಬಟ್ಟೆ ಹಾಕಿದ ಮಾತ್ರಕ್ಕೆ ಏನೂ ಗೆಲ್ಲಲಿಲ್ಲ. ಆದರೆ ಮಷಿನ್ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಯನ್ನು ಎರಡನೇ ಮಗುವಿಗೂ ಹಾಕಿದರೆ ಸುಮಾರು 200 ಕೇಜಿ ಕಡಿಮೆ ಆಗುತ್ತದೆ ಅಂತ ಅದೇ ವರದಿ ಹೇಳಿತು. ನಮ್ಮ ಅತ್ತೆಗೆ ಇದನ್ನು ಓದಿ ಹೇಳಿದೆ. "ಇದಕ್ಕೆ ವರದಿ ಬೇರೆ ಬೇಕಾ?" ಅಂದರು.

ಅರ್ಧ ಒಣಗಿದ್ದನ್ನು ಮಡಿಸಿ ಬೀರುವಿಗೆ ಇಡಬೇಡಿ, ಎರಡೇ ದಿನದಲ್ಲಿ ಬೂಷ್ಟು, ಕಪ್ಪು ಚುಕ್ಕೆ. ಕಾಟನ್ನಾದರೆ ಇಸ್ತ್ರಿ ಹಾಕಿ ಕೊನೆಯ ತೇವ ತೆಗೆಯಬಹುದು. ಮಳೆ ಒಂದು ಹೊತ್ತು ಬಿಟ್ಟು ಬಿಸಿಲು ಬಂತು ಅಂತ ಹೊರಗೆ ಹಾಕಿದರೆ, ತರುವಾಗ ಒಂದೊಂದನ್ನೂ ಕೊಡವಿ, ಬಿಡಿಸಿ ನೋಡಿ. ತೋಟದ ಮನೆಯಲ್ಲಿ ಕಂಬಳಿ ಹುಳು, ಕೆಂಜಿಗ ಬಟ್ಟೆಯ ಮಡಿಕೆಗೆ ಸೇರಿಕೊಳ್ಳುತ್ತವೆ. ದೊಡ್ಡವರಿಗೇ ಕಂಬಳಿ ಹುಳದ ರೋಮ ತಾಗಿದರೆ ದಿನವಿಡೀ ತುರಿಕೆ, ಮಗುವಿಗೆ ಹೇಳೋದೇ ಬೇಡ. ಸಂಜೆ ಮಂಜು ಇಳಿಯುವ ಮುಂಚೆ ಒಳಗೆ ತನ್ನಿ. ಬಿಸಿಲಿಗೆ ಒಂದು ಗುಣ ಇದೆ, ಹಳದಿ ಕಲೆಯನ್ನು ತಾನೇ ತೆಗೆಯುತ್ತದೆ. ಮಳೆಗಾಲದಲ್ಲಿ ಉಳಿದ ಕಲೆ ಅಕ್ಟೋಬರ್ ಬಿಸಿಲಿಗೆ ಹೋಗುತ್ತದೆ, ಅಲ್ಲಿಯವರೆಗೆ ಕಲೆಗೆ ಬ್ಲೀಚ್ ಸುರಿಯಬೇಡಿ. ಒಗೆದು ಶುದ್ಧ ಆದ ಬಟ್ಟೆಯ ಕಲೆ ಬರೀ ಕಲೆ, ಅಷ್ಟೇ.

ರಾತ್ರಿಗೆ ಬೇರೆ ವ್ಯವಸ್ಥೆ. ಎದ್ದೆದ್ದು ಬದಲಿಸಲು ಯಾರಿಗೂ ಆಗೋದಿಲ್ಲ. ಒಂದು ಕಾಟನ್ ಚೌಕದ ಒಳಗೆ ಎರಡು ಬ್ಯಾಂಬೂ ಪ್ಯಾಡ್, ಮೈಗೆ ತಾಗುವ ಕಡೆ ಒಂದು ತುಂಡು ಫ್ಲೀಸ್ (ಚಳಿ ಜಾಕೆಟ್ಟಿನ ಮೆತ್ತನೆ ಪಾಲಿಯೆಸ್ಟರ್ ಬಟ್ಟೆ), ಮೇಲೆ ಕವರ್. ಫ್ಲೀಸ್ ನೀರನ್ನು ಕೆಳಗೆ ಬಿಡುತ್ತದೆ, ತಾನು ಒದ್ದೆ ಇಟ್ಟುಕೊಳ್ಳೋದಿಲ್ಲ, ಹಾಗಾಗಿ ಮಗುವಿಗೆ ತಣ್ಣಗೆ ಅನ್ನಿಸೋದು ಕಡಿಮೆ. ಹಳೇ ಫ್ಲೀಸ್ ಜಾಕೆಟ್ ಕತ್ತರಿಸಿದರೂ ಆಗುತ್ತದೆ. ಎಷ್ಟೇ ಮಾಡಿದರೂ ನಿಮ್ಮ ಮಗು ರಾತ್ರಿ ಸೋರಿಸಿದರೆ, ರಾತ್ರಿಗೆ ಒಂದು ಅಂಗಡಿ ಡೈಪರ್ ಹಾಕಿ ನಿದ್ದೆ ಮಾಡಿ. ನಿದ್ದೆ ಇಲ್ಲದ ತಾಯಿ ಬಟ್ಟೆ ಡೈಪರನ್ನು ಬಹಳ ದಿನ ನಡೆಸೋದಿಲ್ಲ.

ದುಡ್ಡಿನ ಮಾತು. ಅಂಗಡಿ ಡೈಪರ್ ಒಂದಕ್ಕೆ ಹತ್ತು ರೂಪಾಯಿ ಅಂತ ಇಟ್ಟುಕೊಂಡರೂ ದಿನಕ್ಕೆ ಆರು ಹಾಕಿದರೆ ತಿಂಗಳಿಗೆ 1800. ಕವರ್ ಐದಾರು, ಚೌಕ ಎರಡು ಡಜನ್, ರಾತ್ರಿಗೆ ನಾಲ್ಕು ಬ್ಯಾಂಬೂ ಪ್ಯಾಡ್, ಹೊರಗೆ ಹೋಗುವಾಗ ಒದ್ದೆ ಬಟ್ಟೆ ಹಾಕಲು ಜಿಪ್ ಇರುವ ಚೀಲ ಒಂದು, ಇಷ್ಟಕ್ಕೆ ಎರಡು ಮೂರು ತಿಂಗಳ ಡೈಪರಿನ ದುಡ್ಡು ಸಾಕು. ಬಿಸಿಲೂರಿನವರು "ಒಂದು ದಿನ ಬಿಟ್ಟು ಒಂದು ದಿನ ಒಗೆದರೆ ಹದಿನೈದು ಸಾಕು" ಅನ್ನುತ್ತಾರೆ. ನಮಗೆ ಒಣಗೋಕೆ ಒಂದು ದಿನ ಜಾಸ್ತಿ ಬೇಕು, ಹಾಗಾಗಿ ಬಟ್ಟೆಯೂ ಒಂದು ದಿನದ್ದು ಜಾಸ್ತಿ ಬೇಕು. ಆ ಜಾಸ್ತಿಯನ್ನು ಹಳೇ ಸೀರೆಯಲ್ಲಿ ತುಂಬಿಸಿ, ದುಡ್ಡು ಕೊಟ್ಟು ಅಲ್ಲ. ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕಾಟನ್ ಬಟ್ಟೆ ಸಿಕ್ಕರೆ ತಂದು ಹೊಲಿದುಕೊಳ್ಳಬಹುದು.

ಒಂದೇ ಕಂಪನಿಯ ಹನ್ನೆರಡರ ಸೆಟ್ಟನ್ನು ಮಗು ಹುಟ್ಟುವ ಮುಂಚೆ ತರಿಸಬೇಡಿ, ಎಷ್ಟೇ ರಿಯಾಯಿತಿ ಇರಲಿ. ಸಣಕಲು ತೊಡೆಯ ಮಗುವಿಗೆ ಸರಿಯಾದದ್ದು ದುಂಡು ತೊಡೆಯ ಮಗುವಿಗೆ ಆಗೋದಿಲ್ಲ. ಬೇರೆ ಬೇರೆ ಥರದ್ದು ಒಂದೊಂದು ತನ್ನಿ, ಹಾಕಿ ನೋಡಿ, ಆಮೇಲೆ ಬಾಕಿ. ಬಳಸಿದ ಕವರ್ ಯಾರಾದರೂ ಕೊಟ್ಟರೆ ಸಂಕೋಚ ಇಲ್ಲದೆ ತೆಗೆದುಕೊಳ್ಳಿ, ಆದರೆ ಎರಡು ಕಡೆ ನೋಡಿ. ಕಾಲಿನ ಎಲಾಸ್ಟಿಕ್ ಎಳೆದು ಬಿಟ್ಟರೆ ಹಿಂದೆ ಬರಬೇಕು, ಒಳಗಿನ ಹೊಳೆಯುವ ಪದರ ಬಿರುಕು ಬಿಟ್ಟಿರಬಾರದು. ಎಲಾಸ್ಟಿಕ್ ಹೋಗಿದ್ದರೆ ಟೈಲರ್ ಹತ್ತಿರ ಹಾಕಿಸಬಹುದು. ಪದರ ಹೋಗಿದ್ದರೆ ಬಿಟ್ಟುಬಿಡಿ.